ಮರಳಿನ ಮೇಲೆ ಕೂತವಳು

ನೆಲ್ಲೂರು ದಾಟಿದ ಮೇಲೆ ಎರಡನೆಯ ಸಲ ಕಾರು ನಿಲ್ಲಿಸಬೇಕಾಗಿ ಬಂದಾಗ ಮುನಿಗಂಗಮ್ಮನನ್ನು ಹೊಟ್ಟೆಯ ತೊಳಸಿಗಿಂತ ಹೆಚ್ಚಾಗಿ ಕಾಡಿದ್ದು ಬೆನ್ನ ಮೇಲಿದ್ದ ಸೊಸೆಯ ಕೈ. ಶೋಭಾರಾಣಿ ಮೆಲ್ಲಗೆ ನೀವುತ್ತಿದ್ದಳು, ಹಾಲು ಕಕ್ಕಿದ ಕೂಸನ್ನು ನೀವುವ ಹಾಗೆ, ಮೇಲಿಂದ ಕೆಳಕ್ಕೆ, ಮತ್ತೆ ಮೇಲಿಂದ ಕೆಳಕ್ಕೆ. ರಸ್ತೆಯಂಚಿನಲ್ಲಿ ಬಗ್ಗಿ, ಸೆರಗನ್ನು ಎದೆಗೆ ಅವುಚಿಕೊಂಡು, ಬೆಳಿಗ್ಗೆ ತಿಂದ ಇಡ್ಲಿಯನ್ನೆಲ್ಲ ಪರವೂರಿನ ಮಣ್ಣಿಗೆ ಒಪ್ಪಿಸುತ್ತಿದ್ದ ಆ ಹೊತ್ತಿನಲ್ಲೂ ಅವಳು ‘ಸಾಕು ಬಿಡಮ್ಮ, ನನಗೇನಾಗಿಲ್ಲ’ ಅನ್ನುವಷ್ಟು ಉಸಿರನ್ನು ಹುಡುಕುತ್ತಿದ್ದಳು. ಅವಳ ಬೆನ್ನನ್ನು ಇನ್ನೊಬ್ಬರು ಮುಟ್ಟಿ ಎಷ್ಟು ಕಾಲವಾಗಿತ್ತೋ. ಜ್ವರ ಬಂದರೆ ಹಿತ್ತಲ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿ, ಇಳಿದ ಮೇಲೆ ತಲೆ ಬಾಚಿಕೊಂಡು ಹೊರಗೆ ಬರುವ ಹೆಂಗಸು. ಗಂಡ ಜಯರಾಮಪ್ಪ ಹೋದ ದಿನವೂ ಜನರೆದುರು ಗೋಳಾಡದೆ, ಬಂದವರಿಗೆ ಚಾಪೆ ಹಾಸಿಸಿದವಳು. ಅಂಥವಳು ಈಗ ಲಾರಿಯವರೆಲ್ಲ ಇಣುಕಿಕೊಂಡು ಹೋಗುವ ಬಟ್ಟಬಯಲಲ್ಲಿ ಬಗ್ಗಿ ನಿಂತಿದ್ದಳು. ಮಗ ಸುನೀಲ್‌ಕುಮಾರ್ ನೀರಿನ ಬಾಟಲಿ ಹಿಡಿದು ಸ್ವಲ್ಪ ದೂರದಲ್ಲಿ ಗದ್ದೆಯ ಕಡೆ ನೋಡುತ್ತಿದ್ದ. ಅಮ್ಮನ ಮಾನ ಕಾಯುವುದಕ್ಕೆ ಮುಖ ತಿರುಗಿಸಿದನೋ, ನಾಚಿಕೆಯಾಗಿ ತಿರುಗಿಸಿದನೋ ಅವಳಿಗೆ ತಿಳಿಯಲಿಲ್ಲ. ಮಗನ ವಿಷಯದಲ್ಲಿ ಇಂಥದ್ದು ಅವಳಿಗೆ ತಿಳಿಯದೆ ಹೋಗಿ ಬಹಳ ವರ್ಷಗಳಾಗಿದ್ದವು.

“ವಾಪಸ್ ಹೋಗಣ್ವಾ ಅಮ್ಮ? ಸಮುದ್ರ ಎಲ್ಲೂ ಓಡೋಗಲ್ಲ. ಇನ್ನೊಂದ್ಸಲ ನೋಡಿದ್ರಾಯ್ತು.”

“ಯಾಕೆ, ನನಗೇನಾಗದೆ? ನಡಿ,” ಎಂದು ಬಾಯಿ ಮುಕ್ಕಳಿಸಿ, ಸೊಸೆ ಚಾಚಿದ ಟವೆಲನ್ನು ತೆಗೆದುಕೊಳ್ಳದೆ ತನ್ನ ಸೆರಗಿನಲ್ಲೇ ಮುಖ ಒರೆಸಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕೂತಳು.

ಅವರು ಗೌರಿಬಿದನೂರಿನಿಂದ ಇಷ್ಟು ದೂರ ಬಂದದ್ದು ಸಮುದ್ರ ನೋಡುವುದಕ್ಕಲ್ಲ. ಶೋಭಾರಾಣಿಯ ಅಕ್ಕನನ್ನು ನೆಲ್ಲೂರಿಗೆ ಕೊಟ್ಟಿದ್ದರು; ಅವರ ಹೊಸ ಮನೆಯ ಗೃಹಪ್ರವೇಶ ನಿನ್ನೆ ಮುಗಿದಿತ್ತು. ಮೂರು ಅಂತಸ್ತಿನ ಮನೆ, ಕಾಲು ಜಾರುವಂಥ ನೆಲ. ಊಟದ ಪಂಕ್ತಿಯಲ್ಲಿ ಮನೆಯ ಯಜಮಾನ ಮೋಹನ್‌ಬಾಬು ತಾನೇ ಬಂದು ಮುನಿಗಂಗಮ್ಮನ ಎಲೆಗೆ ತುಪ್ಪ ಬಡಿಸಿ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ, “ಅತ್ತಮ್ಮಾ, ನಿಮ್ ಕಡೆ ಬೋರ್‌ವೆಲ್ ಪಾತಾಳಕ್ಕೆ ಹೋದ್ರೂ ಗಾಳಿನೇ ಬರೋದಂತೆ? ಇನ್ನೆರಡು ದಿನ ಇದ್ದು ಹೊಟ್ಟೆ ತುಂಬ ಸ್ನಾನ ಮಾಡ್ಕೊಂಡ್ ಹೋಗಿ. ಇಲ್ಲಿ ನಮ್ ಪೆನ್ನಾ ನೀರು, ಯಾರೂ ಕೇಳೋರಿಲ್ಲ,” ಎಂದಿದ್ದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಎದುರು ಸಾಲಿನಲ್ಲಿ ಕೂತಿದ್ದ ಸುನೀಲ್‌ಕುಮಾರನೂ ನಕ್ಕ. ಅವನು ನಗುವಾಗ ತಲೆ ತಗ್ಗಿಸುತ್ತಾನೆ, ನಗು ಎಲೆಯೊಳಕ್ಕೆ ಬೀಳುತ್ತದೆ. ಮುನಿಗಂಗಮ್ಮ ತುಪ್ಪದನ್ನ ಕಲಸುತ್ತ ಆ ತಗ್ಗಿದ ತಲೆಯನ್ನೇ ನೋಡಿದಳು. ಮಾರನೆಯ ಬೆಳಿಗ್ಗೆ ಆ ಮನೆಯ ಬಚ್ಚಲಲ್ಲಿ ತಿರುಗಿಸಿದ ಕಡೆಯೆಲ್ಲ ನೀರು ಧುಮುಕುತ್ತಿದ್ದರೂ ಅರ್ಧ ಬಕೆಟಿನಲ್ಲೇ ಮಿಂದು ಬಂದಳು. ಯಾರೂ ನೋಡುವವರಿರಲಿಲ್ಲ, ಯಾರಿಗೂ ಗೊತ್ತಾಗಲೂ ಇಲ್ಲ. ಆದರೂ ಮಿಕ್ಕ ಅರ್ಧ ಬಕೆಟನ್ನು ಮುಟ್ಟದೆ ಬಿಟ್ಟು ಬಂದದ್ದು ಅವಳಿಗೆ ಮೋಹನ್‌ಬಾಬುವಿಗೆ ಕೊಟ್ಟ ಉತ್ತರದಂತೆ ಕಂಡಿತು. ಅಷ್ಟರಲ್ಲಿ ಶೋಭಾರಾಣಿ ಗಂಡನಿಗೆ, ಹತ್ತಿರದಲ್ಲೇ ಜನವಿಲ್ಲದ ಬೀಚ್ ಒಂದಿದೆಯಂತೆ, ಹೊಳೆ ಸಮುದ್ರ ಸೇರುವ ಜಾಗವಂತೆ, ಊರಿಗೆ ಹೊರಡುವ ಮುಂಚೆ ನೋಡೋಣವೆಂದು ಗಂಟು ಬಿದ್ದಿದ್ದಳು.

ನೆಲ್ಲೂರು ಬಿಡುವಾಗ ಸೇತುವೆಯ ಮೇಲೆ ಸುನೀಲ್‌ಕುಮಾರ್ ಕಾರನ್ನು ನಿಧಾನ ಮಾಡಿದ್ದ. “ಅಮ್ಮ, ನೋಡು. ಇವರು ಪೆನ್ನಾ ಅಂತಾರಲ್ಲ, ಇದು ನಮ್ಮ ಹೊಳೆನೇ.” ಅವಳು ನೋಡಿದಳು. ಈ ದಡದಿಂದ ಆ ದಡಕ್ಕೆ ಕಣ್ಣು ಹಾಯಿಸಿದರೆ ನಡುವೆ ಎಷ್ಟೋ ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕು, ಅಷ್ಟು ನೀರು. ಸುಳ್ಳು, ಅನಿಸಿತು ಮೊದಲು. ನಂದಿಯ ಕಡೆ ಬೆಟ್ಟದಲ್ಲಿ ಹುಟ್ಟಿ, ಅವಳ ಊರಿನ ಹಿತ್ತಲಿಗೆ ಹತ್ತಿಕೊಂಡಂತೆ ಹಾದು, ಗೌರಿಬಿದನೂರು ದಾಟಿ ಹಿಂದೂಪುರದ ಕಡೆ ಹೊರಟುಹೋಗುವ ಪಿನಾಕಿನಿಯಲ್ಲಿ ಅವಳು ನೀರು ಕಂಡದ್ದೇ ಬೆರಳೆಣಿಕೆಯ ಸಲ. ಈಗಂತೂ ಅಲ್ಲಿ ಜಾಲಿ ಬೆಳೆದು, ಆಡಿನ ಮಂದೆ ಹೊಕ್ಕರೆ ಹುಡುಕಬೇಕು. ಆಮೇಲೆ ಇನ್ನೊಂದು ಭಾವ ಮೂಡಿತು. ಹರಕು ಲಂಗದಲ್ಲಿ ಬೆಳೆದ ಮಗಳನ್ನು ದೂರದ ಊರಿಗೆ ಕೊಟ್ಟು, ಎಷ್ಟೋ ವರ್ಷದ ಮೇಲೆ ಹೋಗಿ ನೋಡಿದರೆ ಅವಳು ದೊಡ್ಡ ಮನೆಯ ಯಜಮಾನಿಯಾಗಿ, ಮೈತುಂಬ ಒಡವೆ ಹಾಕಿಕೊಂಡು, ಆಳುಕಾಳುಗಳ ನಡುವೆ ಓಡಾಡುತ್ತಿರುವಾಗ ಹಿತ್ತಲ ಬಾಗಿಲಲ್ಲಿ ನಿಂತ ತಾಯಿಗೆ ಹೇಗಾದೀತು? ಎದೆಯುಬ್ಬಿ ಬಂತು, ಜೊತೆಗೇ ತನ್ನ ಕಾಲಿನ ಧೂಳು ಕಣ್ಣಿಗೆ ಬಿತ್ತು. ‘ನಮ್ಮ ಪೆನ್ನಾ’ ಅಂದನಲ್ಲ ಮೋಹನ್‌ಬಾಬು. ಅಲ್ಲಿಯೇ, ಆ ತುಪ್ಪದ ಮುಂದೆಯೇ, ಅದು ನಮ್ಮದು ಕಣಪ್ಪ, ನಮ್ಮ ಮನೆಯಿಂದ ಬಂದದ್ದು ಅನ್ನಬೇಕಿತ್ತು. ಅನ್ನಲಿಲ್ಲ. ಮುಂದಿನ ತಿರುವಿನಲ್ಲೇ ಕಾರನ್ನು ಮೊದಲ ಸಲ ನಿಲ್ಲಿಸಬೇಕಾಗಿ ಬಂದಿತ್ತು.

ಟಾರು ರಸ್ತೆ ಒಂದು ಊರಿನ ಕೊನೆಯಲ್ಲಿ ಸುಮ್ಮನೆ ನಿಂತುಹೋಯಿತು. ಅಲ್ಲಿಂದ ಮುಂದೆ ಸರ್ವೆ ತೋಪಿನ ನಡುವೆ ಗಾಡಿಜಾಡು. ತೋಪು ಮುಗಿದ ಕಡೆ ಸುನೀಲ್‌ಕುಮಾರ್ ಎಂಜಿನ್ ಆರಿಸಿದಾಗ ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆಯ ಮೊರೆತ ಬಂದು ಕಾರಿನೊಳಗೆ ತುಂಬಿಕೊಂಡಿತು. ಅಂಗಡಿಯಿಲ್ಲ, ದೀಪದ ಕಂಬವಿಲ್ಲ, ಕೂರುವುದಕ್ಕೊಂದು ಕಲ್ಲು ಬೆಂಚಿಲ್ಲ. ಬಣ್ಣ ಮಾಸಿದ ಒಂದೆರಡು ದೋಣಿಗಳು ಮಗ್ಗುಲಾಗಿ ಬಿದ್ದಿದ್ದವು. ಒಣಮೀನಿನ ವಾಸನೆ.

“ಇಲ್ಲಿ ಏನೂ ಇಲ್ವಲ್ರೀ! ಒಂದು ಎಳನೀರು ಅಂಗಡೀನೂ ಇಲ್ಲ,” ಎಂದಳು ಶೋಭಾರಾಣಿ.

“ಏನೂ ಇಲ್ಲ ಅಂತ್ಲೇ ಬಂದಿದ್ದಲ್ವೇನೇ,” ಎಂದ ಗಂಡ. ಇಬ್ಬರೂ ನಗುತ್ತ ಚಪ್ಪಲಿ ಕಳಚಿ ನೀರಿನ ಕಡೆ ನಡೆದರು.

ಮುನಿಗಂಗಮ್ಮನ ಕಣ್ಣಿಗೆ ಮೊದಲು ಬಿದ್ದದ್ದು ಸಮುದ್ರವಲ್ಲ. ಮರಳು. ಬಲಕ್ಕೆ ನೋಡಿದರೆ ಮರಳು, ಎಡಕ್ಕೆ ನೋಡಿದರೆ ಮರಳು, ದಿಣ್ಣೆಯಾಗಿ, ತಗ್ಗಾಗಿ, ಗಾಳಿ ಬಾಚಿದ ಗೆರೆಗಳಾಗಿ, ಯಾರೂ ಕಾವಲಿಲ್ಲದೆ, ಯಾರೂ ಕೈ ಹಾಕದೆ, ಬಿಸಿಲಲ್ಲಿ ಸುಮ್ಮನೆ ಬಿದ್ದಿದ್ದ ಮರಳು. ಎಷ್ಟು ಲಾರಿ ಲೋಡು ಆದೀತು ಎಂದುಬಿಟ್ಟಿತು ಮನಸ್ಸು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೊಲ ಕಂಡರೆ ಬೆಳೆ ನೆನಪಾಗಬೇಕು, ಮರಳು ಕಂಡರೆ ಲೋಡು ನೆನಪಾಗುವ ಹಾಗೆ ತಮ್ಮ ಕಡೆಯವರ ಕಣ್ಣೇ ಕೆಟ್ಟುಹೋಗಿದೆ. ಚಪ್ಪಲಿ ಬಿಟ್ಟು ಕಾಲೂರಿದಳು. ಜರಡಿ ಹಿಡಿದ ರಾಗಿ ಹಿಟ್ಟಿನಷ್ಟು ನಯ. ಊರ ಹೊಳೆಯದು ಹೀಗಿರಲಿಲ್ಲ. ಅದು ದಪ್ಪ, ಕಾಲಿಗೆ ಕಚಗುಳಿಯಿಡುವ, ನಡುನಡುವೆ ಮಿಂಚುವ ಕಾಳು. ಮಂಡಿಕಲ್ಲಿನಿಂದ ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಅತ್ತೆ ಅವಳನ್ನು ಹೊಳೆಗೆ ಕರೆದುಕೊಂಡು ಹೋಗಿ, ಬಿಂದಿಗೆ ಪಕ್ಕಕ್ಕಿಟ್ಟು, ಬರಿಗೈಯಲ್ಲಿ ಮರಳು ಬಗೆಯುವುದನ್ನು ಕಲಿಸಿದ್ದಳು. ಮೊಳಕೈ ಮುಳುಗುವಷ್ಟು ಬಗೆದರೆ ಸಾಕು, ಗುಂಡಿಯ ತಳ ಮೊದಲು ಕಪ್ಪಾಗುತ್ತದೆ, ಆಮೇಲೆ ಬೆವರುತ್ತದೆ, ಆಮೇಲೆ ಎಲ್ಲಿಂದಲೋ ನೀರು ಮೆಲ್ಲಗೆ ಎದ್ದು ಬಂದು ನಿಲ್ಲುತ್ತದೆ. ಮೊದಲ ಬೊಗಸೆಯನ್ನು ಚೆಲ್ಲಬೇಕು, ಎರಡನೆಯದನ್ನೂ ಚೆಲ್ಲಬೇಕು, ಮೂರನೆಯದು ಕುಡಿಯುವುದಕ್ಕೆ. ಆ ತಂಪನ್ನು ಕುಡಿದು ತಲೆಯೆತ್ತಿದಾಗ ಅವಳಿಗೆ ಇನ್ನೂ ಹೊಸದಾಗಿದ್ದ ಆ ಊರು ಮೊದಲ ಸಲ ತನ್ನದು ಅನಿಸಿತ್ತು. ಗಂಡನಿಂದಲ್ಲ, ಮನೆಯಿಂದಲ್ಲ, ಆ ಗುಂಡಿಯಿಂದ.

“ಅತ್ತೆ, ಒಬ್ರೇ ದೂರ ಹೋಗ್ಬೇಡಿ. ತಲೆ ಗಿಲೆ ಸುತ್ತಿದ್ರೆ ಕಷ್ಟ,” ಎಂದು ಶೋಭಾರಾಣಿ ನೀರಿನಂಚಿನಿಂದ ಕೂಗಿದಳು. ಮುನಿಗಂಗಮ್ಮ ಕೇಳಿಸದವಳಂತೆ ಅತ್ತ ಬೆನ್ನು ಮಾಡಿ, ಹೊಳೆ ಬಂದು ಸೇರುವ ಕಡೆಗೆ ನಡೆಯತೊಡಗಿದಳು. ಹಿಂದೆಯೂ ಹೀಗೆ ಒಂದು ದಿನ ಅಡುಗೆಮನೆಗೆ ಬೆನ್ನು ಮಾಡಿ ಬರಿಗಾಲಲ್ಲಿ ನಡೆದಿದ್ದಳು. ಅವತ್ತು ಸಾರಿನ ಸೌಟು ಕೈಯಲ್ಲಿತ್ತು. ಜಗಲಿಯ ಮೇಲೆ ಲಾರಿಯವರು, ಮರಳು ತುಂಬುವ ಆಳುಗಳು, ಎಲ್ಲರ ತಟ್ಟೆಗೂ ಮುದ್ದೆ ಹಾಕಿ ಆಗಿತ್ತು. ಊರಿನ ಹೊಳೆಗೆ ಟ್ರಾಕ್ಟರು ಇಳಿಯುವ ದಾರಿ ಅವರ ಜಮೀನಿನಲ್ಲೇ ಇತ್ತು. ಜಯರಾಮಪ್ಪನೇ ಬಿಟ್ಟುಕೊಟ್ಟಿದ್ದ, ಅವರ ಟ್ರಾಕ್ಟರೂ ಓಡುತ್ತಿತ್ತು, ಅದನ್ನು ಓಡಿಸುತ್ತಿದ್ದವನು ಆಗಷ್ಟೇ ಮೀಸೆ ಗಟ್ಟಿಯಾದ ಸುನೀಲ್‌ಕುಮಾರ್. ಸಾರು ಬಿಡುತ್ತ ಅವಳು, “ಹಿಂಗೇ ಬಗೀತಾ ಹೋದ್ರೆ ನಾಳೆ ಬಾವೀಗೆ ನೀರು ಎಲ್ಲಿಂದ ಬರ್ತದೆ?” ಅಂದುಬಿಟ್ಟಿದ್ದಳು. ಯಾರನ್ನೂ ಉದ್ದೇಶಿಸಿ ಅಂದದ್ದಲ್ಲ, ಹಬೆಯ ಜೊತೆ ಬಾಯಿಂದ ಬಂದದ್ದು. ಜಯರಾಮಪ್ಪ ಮುದ್ದೆ ಮುರಿಯುತ್ತ, “ಸಾರು ಬಡಿಸಮ್ಮಾ ಅಂದ್ರೆ ಇವ್ಳು ಭಾಷಣ ಬಡಿಸ್ತಾಳಲ್ಲಪ್ಪ!” ಅಂದ. ಜಗಲಿಯೆಲ್ಲ ನಕ್ಕಿತು. ಪರವೂರ ಲಾರಿಯವರು ನಕ್ಕರು, ಮೂಲೆಯಲ್ಲಿ ಕೂತಿದ್ದ ಮಗ ತಲೆ ತಗ್ಗಿಸಿ ನಕ್ಕ, ನಗು ತಟ್ಟೆಯೊಳಕ್ಕೆ ಬಿತ್ತು. ಲಾರಿಯವರದು ಅವಳಿಗೆ ತಾಗಲಿಲ್ಲ, ಗಂಡನದು ಹಳೆಯದು. ತಾಗಿದ್ದು ಮಗನ ಆ ತಗ್ಗಿದ ತಲೆ, ಅಲುಗಿದ ಭುಜ! ಸೌಟನ್ನು ಪಾತ್ರೆಯಲ್ಲಿಟ್ಟು, ಹಿತ್ತಲ ಬಾಗಿಲಿಂದ ಹೊರಟು, ಹೊಲದ ಬದುವಿನ ಮೇಲೆ ನಡೆದು, ಹೊಳೆಗಿಳಿಯುವ ದಾರಿಯ ಬಾಯಲ್ಲಿ ಹೋಗಿ ಕೂತಳು. ಯಾಕೆ ಅಲ್ಲಿ ಕೂತಳೋ. ಮುಂದೆ ಹೋಗುವುದಕ್ಕೆ ಜಾಗವಿರಲಿಲ್ಲ, ಹಿಂದಕ್ಕೆ ಹೋಗುವ ಹಾಗಿರಲಿಲ್ಲ, ಅದಕ್ಕೆ.

ಊಟ ಮುಗಿಸಿ ಟ್ರಾಕ್ಟರು ಬಂತು. ಹಾರನ್ ಕೇಳಿಸಿತು. ಅವಳು ಏಳಲಿಲ್ಲ. ಏಳಬಾರದೆಂದು ತೀರ್ಮಾನಿಸಿದವಳ ಹಾಗೆ ಎಲ್ಲರಿಗೂ ಕಂಡಿರಬೇಕು. ನಿಜವಾಗಿ ಅವಳು ಯಾವ ತೀರ್ಮಾನವನ್ನೂ ಮಾಡಿರಲಿಲ್ಲ. ಹೊಳೆಯ ಗುಂಡಿಯ ನೀರಿನಲ್ಲಿ ಬಟ್ಟೆ ಒಗೆಯುವುದಕ್ಕೆ ಬಂದಿದ್ದ ಪಕ್ಕದ ಮನೆಯ ಆಂಜಿನಮ್ಮ ಮೊದಲು ನೋಡಿದಳು. ಗಂಟನ್ನು ಕೆಳಗಿಟ್ಟು, ಏನೂ ಕೇಳದೆ ಬಂದು ಮಗ್ಗುಲಲ್ಲಿ ಕೂತಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು, ಸಂಜೆಯ ಹೊತ್ತಿಗೆ ಬೀದಿಯ ಹೆಂಗಸರೆಲ್ಲ. ಯಾರೋ ಬಂದು ಫೋಟೋ ತೆಗೆದರು. ಪೇಪರಿನಲ್ಲಿ ‘ಮರಳು ಉಳಿಸಲು ಮಹಿಳೆಯರ ಹೋರಾಟ’ ಎಂದು ಬಂತು, ನಡುವೆ ಅವಳ ಮುಖ, ಕಣ್ಣು ಮುಚ್ಚಿದ ಮುಖ. ಗೌರಿಬಿದನೂರಿಗೆ ಕರೆಸಿ ಶಾಲು ಹೊದಿಸಿದರು. ಜಯರಾಮಪ್ಪ ಒಂದು ಬೆಳೆಯ ಕಾಲವಿಡೀ ಮಾತು ಬಿಟ್ಟ. ಮಗ ಟ್ರಾಕ್ಟರು ಬಿಟ್ಟು ಪೇಟೆಯ ಪೈಪಿನಂಗಡಿಗೆ ಸೇರಿದ, ಮುಂದೆ ತಾನೇ ಅಂಗಡಿ ಹಾಕಿದ. ತಾಯಿ ಮಗನ ನಡುವೆ ಅವತ್ತಿನ ಮಾತು ಒಮ್ಮೆಯೂ ಬರಲಿಲ್ಲ. ಶಾಲು ಹೊದಿಸಿದವರು ಮೈಕಿನಲ್ಲಿ ಹೊಳೆತಾಯಿ, ಜಲಮೂಲ ಎಂದೆಲ್ಲ ಹೇಳುತ್ತಿದ್ದಾಗ ಅವಳು ನೆಲ ನೋಡುತ್ತ ನಿಂತಿದ್ದಳು. ಗಂಡ ಆ ಮಾತು ಆಡದೆ ಇದ್ದಿದ್ದರೆ, ಮಗ ನಗದೆ ಇದ್ದಿದ್ದರೆ, ಅವಳು ಎಲ್ಲರಿಗೂ ಮಜ್ಜಿಗೆ ಬಡಿಸಿ ತಟ್ಟೆ ತೊಳೆದಿಡುತ್ತಿದ್ದಳು. ಹೊಳೆಗಾಗಿ ಕೂತವಳಲ್ಲ ನೀನು, ನಗುವಿಗಾಗಿ ಕೂತವಳು ಎಂದು ಒಳಗೊಂದು ದನಿ ಅಂದಿನಿಂದಲೂ ಹೇಳುತ್ತಿತ್ತು. ಆದರೂ, ಆ ದನಿ ಎಷ್ಟೇ ಹೇಳಿದರೂ, ಆ ಶಾಲನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ.

ಹೊಳೆಯ ಬಾಯಿ ಹತ್ತಿರವಾಯಿತು. ಒಂದು ಕಡೆಯಿಂದ ಹಸಿರುಗಂದಿನ ನೀರು ಆತುರವಿಲ್ಲದೆ ಬರುತ್ತಿತ್ತು, ಎದುರಿನಿಂದ ಬೂದಿಬಣ್ಣದ ಅಲೆಗಳು ತಲೆಯೆತ್ತಿಕೊಂಡು ಬರುತ್ತಿದ್ದವು, ನಡುವೆ ಒಂದು ಮರಳಿನ ನಾಲಿಗೆ. ಎರಡೂ ಸೇರುವ ಕಡೆ ಒಂದು ಗೆರೆ ನಡುಗುತ್ತಿತ್ತು. ಅದು ಯಾರದೂ ಆಗದೆ ಅತ್ತಿತ್ತ ಸರಿಯುತ್ತಿತ್ತು. ಇಷ್ಟು ದೂರ ಬಂದೆಯಾ ನೀನು, ಎಂದುಕೊಂಡಳು. ಹಿಂದೂಪುರ ಕಂಡೆ, ಯಾವ ಯಾವುದೋ ಬಯಲು ಕಂಡೆ, ನಮ್ಮ ಕಡೆ ಒಂದು ಹನಿ ಇಲ್ಲದಿದ್ದರೂ ಬೇರೆಯವರ ಹಳ್ಳಕೊಳ್ಳ ಕೂಡಿಸಿಕೊಂಡು ಹೇಗೋ ಬಂದು ಮುಟ್ಟಿದೆ. ಕಣ್ಣಲ್ಲಿ ನೀರು ಬಂತು, ಗಾಳಿಗೆ ಎಂದುಕೊಂಡಳು.

ಅಲ್ಲೇ ದೋಣಿಯ ನೆರಳಿನಲ್ಲಿ ಇಬ್ಬರು ಹೆಂಗಸರು ಬಲೆಯಿಂದ ಸಣ್ಣ ಮೀನು ಬಿಡಿಸಿ ಚಾಪೆಯ ಮೇಲೆ ಹರಡುತ್ತಿದ್ದರು. ಅವರಲ್ಲಿ ವಯಸ್ಸಾದವಳು, ಎರಡೂ ಕಡೆ ಮೂಗುಬೊಟ್ಟು ಹಾಕಿಕೊಂಡವಳು, ತಲೆಯೆತ್ತಿ, “ಏ ಊರು ತಲ್ಲೀ ಮೀದಿ?” ಎಂದು ಕೇಳಿದಳು.

ಮಂಡಿಕಲ್ಲಿನ ತವರಲ್ಲಿ ಎಲ್ಲರೂ ತೆಲುಗನ್ನೇ ಆಡುತ್ತಿದ್ದರು. ಗಂಡನ ಮನೆಯಲ್ಲಿ ಅದನ್ನು ಅಣಕಿಸುತ್ತಿದ್ದರೆಂದು ಮದುವೆಯಾದ ವರ್ಷವೇ ಅವಳು ಆ ಮಾತನ್ನು ಮಡಿಸಿಟ್ಟಿದ್ದಳು. ಈಗ ಅದು ತಾನಾಗಿ ನಾಲಿಗೆಗೆ ಬಂತು. ಗೌರಿಬಿದನೂರು ಎಂದಳು. ಆ ಹೆಂಗಸಿಗೆ ಅದೆಲ್ಲಿ ಎಂದು ತಿಳಿಯಲಿಲ್ಲ. ಮುನಿಗಂಗಮ್ಮ ಹೊಳೆಯ ಕಡೆ ಕೈ ತೋರಿಸಿದಳು. ಬೆನ್ನು ನೆಟ್ಟಗಾಯಿತು, ದನಿ ತಾನೇ ಏರಿತು.

“ಈ ಏರು ಮಾದೇ. ಈ ಹೊಳೆ ನಮ್ಮದು. ನಮ್ಮ ಬೆಟ್ಟದಲ್ಲಿ ಹುಟ್ಟಿ ನಮ್ಮ ಮನೆ ಹಿಂದೆ ಹಾದು ಬರೋದು.”

“ಮೀದಾ?” ಎಂದಳು ಪೋಲಮ್ಮ. ಅದು ಅವಳ ಹೆಸರೆಂದು ಪಕ್ಕದವಳು ಕೂಗಿದ್ದರಿಂದ ತಿಳಿಯಿತು. ಅವಳು ಮೀನಿನ ಕೈಯನ್ನೇ ಸೊಂಟಕ್ಕಿಟ್ಟುಕೊಂಡು ಎದ್ದು ನಿಂತಳು. “ನಿಮ್ಮದಾದ್ರೆ ಇನ್ನೇನು, ನಿಮ್ಮನ್ನೇ ಕೇಳ್ಬೇಕು ನಾವು. ಮೊದಲೆಲ್ಲ ಪ್ರವಾಹ ಬಂದ್ರೆ ಈ ಹೊಳೆ ಮರಳು ತಂದು ಇಲ್ಲಿ ಹಾಸೋದು. ಈಗ ತರೋದೇ ಇಲ್ಲ. ಅಗೋ ನೋಡಿ.” ಅಲೆಗಳ ನಡುವೆ ಒಂದು ತಾಳೆಮರದ ಬೊಡ್ಡೆ ಕಾಣುತ್ತಿತ್ತು. “ನಾನು ಮದುವೆಯಾಗಿ ಬಂದಾಗ ನಮ್ಮ ಮನೆ ಅಲ್ಲಿತ್ತು. ಅಮ್ಮನೋರ ಗುಡಿ ಅದಕ್ಕೂ ಆಚೆ. ಸಮುದ್ರ ತಿಂದ್ಕೊಂಡು ಬರ್ತಾನೇ ಅದೆ. ಮರಳು ಏನು ಮಾಡಿದ್ರಿ? ಯಾಕೆ ಕಳಿಸ್ತಿಲ್ಲ?”

ಅವಳು ಜಗಳಕ್ಕೆ ಕೇಳಿದ್ದಲ್ಲ. ಬೀಗರ ಮನೆಯವರು ಹಬ್ಬಕ್ಕೆ ಬರದಿದ್ದರೆ ಕೇಳುವ ಹಾಗೆ, ಅರ್ಧ ತಮಾಷೆ, ಅರ್ಧ ನೋವು. ಆದರೆ ಮುನಿಗಂಗಮ್ಮನಿಗೆ ಕಾಲ ಕೆಳಗಿನ ನೆಲ ಸರಿದಂತಾಯಿತು. ಊರಿನ ಬಾವಿ ಬತ್ತಿದ್ದು ಗೊತ್ತಿತ್ತು, ಹೊಳೆಯಲ್ಲಿ ಜಾಲಿ ಬೆಳೆದದ್ದು ಗೊತ್ತಿತ್ತು. ಇಷ್ಟು ದೂರದಲ್ಲಿ, ಹೆಸರೂ ಕೇಳದ ಊರಲ್ಲಿ, ಒಬ್ಬ ಹೆಂಗಸಿನ ಮನೆ ನೀರಿಗೆ ಹೋಗಿರಬಹುದೆಂದು ಯಾವತ್ತೂ ತೋಚಿರಲಿಲ್ಲ. ಆ ಲಾರಿಯವರಿಗೆ ಮುದ್ದೆ ತೊಳಸಿದ ಕೈ ತನ್ನದೇ. ಊರಲ್ಲಿ ತಮ್ಮ ಮನೆಯ ಮಹಡಿಯ ಗೋಡೆಯಲ್ಲಿರುವ ಮರಳು ಅದೇ ಹೊಳೆಯದು. ನಮ್ಮದು ಎಂದು ಎದೆ ತಟ್ಟಿ ಹೇಳಿದ ಮೇಲೆ ಅದೂ ತನ್ನದೇ ಆಗಬೇಕಲ್ಲ.

“ನೇನು ಕೂರ್ಚುನ್ನಾ,” ಎಂದಳು. ನಾನು ಕೂತೆ.

“ಎಲ್ಲಿ?” ಎಂದಳು ಪೋಲಮ್ಮ.

“ಟ್ರಾಕ್ಟರಿಗೆ ಅಡ್ಡ. ಮರಳು ತಗೊಂಡು ಹೋಗ್ಬಾರ್ದು ಅಂತ. ಕೂತೆ.”

ಹೇಳಿದ ಕೂಡಲೇ ಅದು ಎಷ್ಟು ಸಣ್ಣದಾಗಿ, ಎಷ್ಟು ಸುಳ್ಳಾಗಿ ಕೇಳಿಸಿತೆಂದರೆ, ಅವಳಿಗೆ ಮುಖ ಬಿಸಿಯಾಯಿತು. ‘ಮರಳು ತಗೊಂಡು ಹೋಗ್ಬಾರ್ದು ಅಂತ’ ಎಂದು ಯಾಕೆ ಸೇರಿಸಿದೆ? ಪೋಲಮ್ಮ ಪಕ್ಕದವಳ ಕಡೆ ಒಂದು ನೋಟ ಹಾಕಿದಳು. ವಯಸ್ಸಾದವರು ಏನಾದರೂ ಹೇಳಿಕೊಳ್ಳುತ್ತಾರೆ, ಹೌದೆನ್ನಬೇಕು ಅನ್ನುವ ನೋಟ. “ಅವ್ನಾ ತಲ್ಲೀ,” ಹೌದಾ ತಾಯಿ, ಎಂದು ಮೆತ್ತಗೆ ಹೇಳಿ ಮತ್ತೆ ಮೀನಿನ ಮುಂದೆ ಕೂತಳು. ಆ ಮೆತ್ತಗಿನ ದನಿ, ಬೆನ್ನು ನೀವಿದ ಸೊಸೆಯ ಕೈ, ಎಲ್ಲ ಒಂದೇ. ಇನ್ನು ಇಲ್ಲಿ ನಿಲ್ಲುವುದು ಬೇಡವೆಂದು ಅವಳು ಹಿಂದಕ್ಕೆ ತಿರುಗಿದಳು.

ಹಿಂದೆ ಮಗ ನಿಂತಿದ್ದ. ಪ್ಯಾಂಟು ಮಂಡಿಯವರೆಗೆ ಮಡಿಸಿತ್ತು, ಕಾಲೆಲ್ಲ ಮರಳು. ಯಾವಾಗಿನಿಂದ ನಿಂತಿದ್ದನೋ. ಅವನ ಹಿಂದೆ ಶೋಭಾರಾಣಿ. ಸುನೀಲ್‌ಕುಮಾರ್ ಅಮ್ಮನ ಮುಖ ನೋಡಲಿಲ್ಲ. ಅವಳನ್ನು ದಾಟಿ ಮುಂದೆ ಹೋಗಿ ಪೋಲಮ್ಮನ ಎದುರು ಕುಕ್ಕರಗಾಲಲ್ಲಿ ಕೂತ.

“ನಿಜಮೇ ಅಮ್ಮಾ,” ಎಂದ. ಅವನ ತೆಲುಗು ಅಂಗಡಿಗೆ ಬರುವ ಗಿರಾಕಿಗಳಿಂದ ಕಲಿತದ್ದು, ಪೈಪು, ವಾಲ್ವು, ರೇಟು ಬಿಟ್ಟರೆ ಮುಂದೆ ಹೋಗದು. ಎರಡು ಮಾತಿಗೆ ತೆಲುಗು ಮುಗಿದು ಕನ್ನಡಕ್ಕೆ ಜಾರಿದ, ತಿಳಿಯದ ಕಡೆ ಕೈಸನ್ನೆ ಸೇರಿಸಿದ. “ಮಾ ಅಮ್ಮ ಕೂತಿದ್ದು ನಿಜ. ಆ ಟ್ರಾಕ್ಟರ್ ಓಡಿಸ್ತಾ ಇದ್ದೋನು ನಾನೇ.”

ಪೋಲಮ್ಮನ ಕೈ ನಿಂತಿತು.

“ನಾನು ಹಾರನ್ ಹೊಡ್ದೆ. ಏಳ್ಲಿಲ್ಲ. ಮತ್ತೆ ಹೊಡ್ದೆ. ಏಳ್ಲಿಲ್ಲ. ಹಿಂದೆ ಲಾರಿಯೋರು ಕೂಗ್ತಾವ್ರೆ, ನಮ್ಮಪ್ಪ ಬದುವಿನ ಮೇಲಿಂದ ಕೂಗ್ತಾವ್ರೆ, ಹತ್ತಿಸೋ, ಎದ್ದೇಳ್ತಾಳೆ ಅಂತ. ಎಂಜಿನ್ ರೈಸ್ ಮಾಡ್ದೆ. ಟೈರು ಇಷ್ಟೇ ಅಮ್ಮಾ, ಇಷ್ಟೇ ದೂರ.” ಅವನು ತನ್ನ ಮೂಗಿಗೂ ಅಂಗೈಗೂ ನಡುವೆ ಜಾಗ ಅಳೆದು ತೋರಿಸಿದ. “ಒಂಚೂರು ಅಲ್ಲಾಡ್ಲಿಲ್ಲ. ತಲೆ ಎತ್ತಿ ನನ್ನ ಮುಖಾನೇ ನೋಡ್ತಾವ್ಳೆ. ಹತ್ತಿಸೋ ಮಗನೇ, ಹತ್ತಿಸ್ಕೊಂಡು ಹೋಗು ಅಂದ್ಳು. ನನಗೆ ಕೈಕಾಲೆಲ್ಲ ಹೋಗ್ಬಿಟ್ವು. ಕೀ ತೆಗೆದು ಹೊಳೆಗೆ ಎಸ್ದೆ.”

ಮುನಿಗಂಗಮ್ಮ ಹಾಗೆ ಅಂದಿರಲಿಲ್ಲ. ತಲೆಯನ್ನೂ ಎತ್ತಿರಲಿಲ್ಲ, ಟೈರಿನ ಹಲ್ಲುಗಳ ನಡುವೆ ಸಿಕ್ಕಿಕೊಂಡಿದ್ದ ಒಂದು ಹಸಿ ಎಲೆಯನ್ನು ಬಿಟ್ಟು ಅವಳು ಏನನ್ನೂ ನೋಡಿರಲಿಲ್ಲ. ಎಂಜಿನ್ ಒಮ್ಮೆಲೇ ಆರಿದ್ದು ಮಾತ್ರ ನೆನಪಿತ್ತು. ಕೀ ಎಸೆದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅವನು ನಿಜವಾಗಿ ಎಸೆದದ್ದೋ, ಅಥವಾ ಇದೂ ಈಗ ಹುಟ್ಟಿದ್ದೋ? ಅವನ ಬೆನ್ನು, ಮರಳ ಮೇಲೆ ಕುಕ್ಕರಿಸಿ ಕೂತ ನಡುವಯಸ್ಸಿನ ಗಂಡಸಿನ ಬೆನ್ನು, ಹೇಳುತ್ತ ಹೇಳುತ್ತ ಅಗಲವಾಗುತ್ತಿತ್ತು. ಕೈಗಳು ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸುತ್ತಿದ್ದವು. ಈ ಕಥೆಯನ್ನು ಅವನು ಒಳಗೊಳಗೇ ಎಷ್ಟೋ ಸಲ ಹೇಳಿಕೊಂಡಿರಬೇಕು. ಹೊಸದಾಗಿ ಹೇಳುವವರಿಗೆ ಮಾತು ಹೀಗೆ ಹರಿಯುವುದಿಲ್ಲ. ಅವಳು ಕಾದಳು. ಜಗಲಿಯ ಮಾತು ಬರುತ್ತದೆ, ನಗು ಬರುತ್ತದೆ, ಈಗ ಬರುತ್ತದೆ. ಬರಲಿಲ್ಲ. ಅವನ ಕಥೆಯಲ್ಲಿ ಸೌಟಿರಲಿಲ್ಲ, ಮುದ್ದೆಯಿರಲಿಲ್ಲ, ಯಾರೂ ನಕ್ಕಿರಲಿಲ್ಲ. ಅವನ ಕಥೆಯಲ್ಲಿ ಅವಳು ಹೊಳೆಗಾಗಿಯೇ ಎದ್ದು ಹೋಗಿ ಹೊಳೆಗಾಗಿಯೇ ಕೂತಿದ್ದಳು. ಮರೆತನೋ, ಬಿಟ್ಟನೋ. ಬಿಟ್ಟರೆ ಬಿಡಲಿ. ಕೋಪದಲ್ಲಿ ಹೋದವಳು ಬೇರೆಲ್ಲಾದರೂ ಹೋಗಬಹುದಿತ್ತಲ್ಲ. ಬಾವಿಯ ಕಟ್ಟೆಯಿತ್ತು, ತವರಿಗೆ ಹೋಗುವ ಬಸ್ಸಿತ್ತು, ಹೆಂಗಸರು ಮುಖ ಮುಚ್ಚಿಕೊಂಡು ಅಳುವ ಹಿತ್ತಲಿತ್ತು. ಅವೆಲ್ಲವನ್ನೂ ದಾಟಿ ಕಾಲು ಅವಳನ್ನು ಹೊಳೆಗೇ ಒಯ್ದಿತ್ತು. ಕೂತದ್ದು ಅವಳೇ. ಆ ಟೈರಿನ ಮುಂದೆ ಇದ್ದ ಮೈ ಅವಳದೇ.

“ನಮ್ ತಾಲ್ಲೂಕಲ್ಲೇ ಟ್ರಾಕ್ಟರಿಗೆ ಅಡ್ಡ ಕೂತ ಮೊದಲ್ನೇ ಹೆಂಗಸು ನಮ್ಮಮ್ಮ. ಪೇಪರಲ್ಲಿ ಫೋಟೋ ಬಂದಿತ್ತು,” ಎನ್ನುತ್ತಿದ್ದ ಸುನೀಲ್‌ಕುಮಾರ್.

ಶೋಭಾರಾಣಿ ಬೆರಗಾಗಿ ಗಂಡನನ್ನೂ ಅತ್ತೆಯನ್ನೂ ನೋಡಿದಳು. “ಇಷ್ಟು ವರ್ಷ ಆಯ್ತು, ನನಗೆ ಒಂದಿನಾನೂ ಹೇಳ್ಲಿಲ್ವಲ್ರೀ ನೀವು!”

“ಯಾರು ಕೇಳಿದ್ರು?” ಎಂದ ಅವನು, ತಿರುಗದೆ.

ಪೋಲಮ್ಮ ಚಾಪೆಯಿಂದ ಎದ್ದಳು. ಈ ಸಲ ಮುನಿಗಂಗಮ್ಮನನ್ನು ನೋಡಿದ ನೋಟದಲ್ಲಿ ಮೆತ್ತಗಿನದ್ದೇನೂ ಇರಲಿಲ್ಲ. ಒಬ್ಬ ಕೆಲಸಗಾತಿ ಇನ್ನೊಬ್ಬಳನ್ನು ಮೇಲಿಂದ ಕೆಳಗೆ ಅಳೆಯುವ ನೋಟ. “ಮರಿ?” ಎಂದಳು. “ಆಮೇಲೆ? ಮರಳು ಉಳೀತಾ?”

ಸುನೀಲ್‌ಕುಮಾರನ ಕೈ ಗಾಳಿಯಲ್ಲೇ ನಿಂತಿತು. ಅವನು ಮೊದಲ ಸಲ ತಿರುಗಿ ಅಮ್ಮನ ಕಡೆ ನೋಡಿದ. ನಾನು ಇಲ್ಲಿಯವರೆಗೆ ತಂದಿದ್ದೇನೆ, ಮುಂದಕ್ಕೆ ನನ್ನ ಕೈಲಾಗದು ಅನ್ನುವ ಹಾಗೆ. ಅವನ ಕಣ್ಣಂಚು ಕೆಂಪಾಗಿತ್ತು. ಉಳಿಯಿತು ಎಂದು ಹೇಳಿದರೆ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಅವಳಿಗೂ ಹೊಳೆಯಿತು. ಅವಳು ಮಗನ ಪಕ್ಕಕ್ಕೆ ಬಂದು ನಿಂತು, ಅವನ ಭುಜದ ಮೇಲೆ ಕೈಯಿಟ್ಟಳು. ಆಸರೆಗಲ್ಲ; ಆದರೂ ಇಟ್ಟ ಮೇಲೆ ಆಸರೆಯಾಯಿತು.

“ಉಳೀಲಿಲ್ಲ ತಾಯಿ,” ಎಂದಳು, ತವರಿನ ತೆಲುಗಿನಲ್ಲಿ, ಒಂದೊಂದೇ ಮಾತನ್ನು ನೆಟ್ಟಗೆ ನಿಲ್ಲಿಸಿ. “ಆಚೆ ದಡಕ್ಕೆ ದಾರಿ ಮಾಡ್ಕೊಂಡ್ರು. ಕತ್ತಲಲ್ಲಿ ಬಂದ್ರು. ಎಲ್ಲಾ ಹೋಯ್ತು, ಮಣ್ಣು ಕಾಣೋವರ್ಗೂ ತೆಗೆದ್ರು. ಆದ್ರೆ ಅವತ್ತು ಹೋಗ್ಲಿಲ್ಲ. ನಾನು ಕೂತಿದ್ದಷ್ಟು ಹೊತ್ತು ನಮ್ಮೂರ ಹೊಳೆಯಿಂದ ಒಂದು ಬೊಗಸೆ ಮರಳು ಹೋಗ್ಲಿಲ್ಲ.”

ಪೋಲಮ್ಮ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಹೊಳೆ ಬರುವ ಕಡೆಗೆ, ಆಮೇಲೆ ತಮ್ಮೆಲ್ಲರ ಕಾಲ ಕೆಳಗಿನ ಮರಳಿನ ಕಡೆಗೆ ನೋಡಿದಳು. ಏನೋ ಲೆಕ್ಕ ಹಾಕುವವಳಂತೆ ನೋಡಿ,

“ಹಾಗಾದ್ರೆ ಆ ಒಂದು ದಿನದ ಮರಳು ನಮಗೆ ಬಂದಿರ್ತದೆ,” ಎಂದಳು.

“ಬಂದಿರ್ತದೆ,” ಎಂದಳು ಮುನಿಗಂಗಮ್ಮ, ತಾನೇ ಕಟ್ಟಿ ಕಳಿಸಿಕೊಟ್ಟವಳ ಹಾಗೆ. “ಬಂದೇ ಇರ್ತದೆ.”